ಮಾರ್ದನಿ ಶೇರು, ಚಂಪಕ್ಕನ ದನಿ

ನಮ್ಮೂರಿನಲ್ಲಿ ಕೂತು ಶೇರಿನ ವ್ಯವಹಾರ ಮಾಡುವುದು ಹುಡುಗಾಟದ ಮಾತಲ್ಲ. ಹಾಗಂತ ನಾವು ಮಾಡದೆ ಬಿಟ್ಟಿರಲಿಲ್ಲ. ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮೆಷಿನ್ನುಗಳಿಗೆ ಮುಸುಕು ಹೊದಿಸಿ, ಎರಡು ಬೆಂಚು ಎದುರುಬದುರು ಎಳೆದುಕೊಂಡು ನಾಲ್ಕು ಜನ ಕೂರುತ್ತಿದ್ದೆವು. ನಾನು ಶೇಷಗಿರಿ, ಊರಿನವರ ಬಾಯಲ್ಲಿ ಟೈಪಿಂಗ್ ಮೇಷ್ಟ್ರು. ಎರಡನೆಯವನು ಹಿಟ್ಟಿನ ಗಿರಣಿಯ ರುದ್ರೇಶಿ, ಮೈಮೇಲೆ ಸದಾ ರಾಗಿ ಹಿಟ್ಟು, ಬಾಯಲ್ಲಿ ಸದಾ ಶೇರು. ಮೂರನೆಯವರು ಹೋದ ವರ್ಷ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಫಿಲೋಮಿನಾ ಸಿಸ್ಟರ್. ನಾಲ್ಕನೆಯವಳು ಚಂಪಕ್ಕ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಸ್ಸು ಕೂಗುತ್ತಿದ್ದವಳು. ಅವಳ ದನಿ ಕೇಳಿ ಹಾಲು ಕಾಯಿಸುವ, ಮಕ್ಕಳನ್ನು ಎಬ್ಬಿಸುವ ಮನೆಗಳು ನಮ್ಮ ಬೀದಿಯಲ್ಲೇ ಹತ್ತಿದ್ದವು.

ಕಷ್ಟ ಏನೆಂದರೆ, ಶೇರಿನ ಮಾತೆಂದರೆ ಮುಂದಿನ ಮಾತು. ನಮ್ಮೂರಿನಲ್ಲಿ ಮುಂದಾಗುವುದನ್ನು ಹೀಗೇ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿದವರ ದನಿ ಅಲ್ಲಿಗೇ ಹೋಗುತ್ತದೆ. ಹೇಳಿದ್ದು ಆಗುವವರೆಗೆ, ಇಲ್ಲವೇ ಆಗಲಿಲ್ಲವೆಂದು ಖಚಿತವಾಗುವವರೆಗೆ ಹೋಗಿರುತ್ತದೆ. ನಿಜವಾದರೂ ಅಷ್ಟೇ, ಸುಳ್ಳಾದರೂ ಅಷ್ಟೇ, ತೀರ್ಮಾನವಾದ ಗಳಿಗೆಗೆ ಎಲ್ಲಿತ್ತೋ ಅಲ್ಲಿಂದ ವಾಪಸ್ಸು ಬರುತ್ತದೆ. ಹೊರಗಿನವರಿಗೂ ವಿನಾಯಿತಿಯಿಲ್ಲ. ಮೂರು ದಿನ ಊರಿನ ನೀರು ಕುಡಿದರೆ ಸಾಕು. ಒಬ್ಬ ಜ್ಯೋತಿಷಿ ಬಂದು ಪೇಟೆ ಬೀದಿಯಲ್ಲಿ ಬೋರ್ಡು ಹಾಕಿದ್ದ. ನಾಲ್ಕನೇ ದಿನ ಯಾರದೋ ಮಗಳ ಮದುವೆಯ ವಿಷಯ ಹೇಳಿ ಹದಿನಾಲ್ಕು ತಿಂಗಳು ಮೂಗನಾಗಿ ಕೂತ. ಅದೇ ಬೋರ್ಡಿನ ಹಿಂಬದಿಗೆ ಬಣ್ಣ ಹೊಡೆಸಿ ಈಗ ಚಪ್ಪಲಿ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿ ನಡೆಯುತ್ತಿದೆ.

ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ಮದುವೆಗೆ ಕರೆದರೆ ಬರುತ್ತೇವೆ ಎನ್ನುವವರಿಲ್ಲ, ನೋಡೋಣ ಎನ್ನುತ್ತೇವೆ. ಸಾಲ ಕೇಳಿದವರಿಗೂ ನೋಡೋಣ, ಮಳೆಗೂ ನೋಡೋಣ. ಚುನಾವಣೆಗೆ ನಿಂತವರು ಸುಮ್ಮನೆ ಕೈಮುಗಿದುಕೊಂಡು ಹೋಗುತ್ತಾರೆ, ನಮಗೂ ಅದು ಹಿತವಾಗಿದೆ. ಆಗಬಹುದು ಎನ್ನುವವರಿಗೆ ಏನೂ ಆಗುವುದಿಲ್ಲ, ಆದರೆ ಅವರ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ. ಚಂಪಕ್ಕ ಮೈಕಿನಲ್ಲಿ ಬಸ್ಸು ಬರುತ್ತದೆ ಎಂದು ಒಂದು ದಿನವೂ ಹೇಳಿದವಳಲ್ಲ. "ಸಾಲುಮಂಟಪದ ಬಸ್ಸು ಟೋಲ್ ಗೇಟು ದಾಟಿದೆ", ಆಮೇಲೆ "ಬಸ್ಸು ಬಂದಿದೆ, ಎರಡನೇ ಅಂಕಣ." ಅಷ್ಟೇ. ಜನ ಟೋಲ್ ಗೇಟು ಎಂದ ಕೂಡಲೇ ಗಂಟು ಎತ್ತಿಕೊಳ್ಳುತ್ತಿದ್ದರು.

ದನಿ ಹೋಗುತ್ತದೆಂದು ಗೊತ್ತಿದ್ದೂ ಹೇಳುವುದಕ್ಕೆ ನಾವು ಮಾತಿಡುವುದು ಎನ್ನುತ್ತೇವೆ. ಮಾತಿಟ್ಟವರನ್ನು ಊರು ನಂಬುತ್ತದೆ, ಯಾಕೆಂದರೆ ಅವರು ಕೈಯಿಂದ ಏನೋ ಕೊಟ್ಟಿರುತ್ತಾರೆ. ಬರೆದದ್ದಕ್ಕೆ ದನಿ ಹೋಗುವುದಿಲ್ಲ, ಅದಕ್ಕೇ ಬರೆದದ್ದಕ್ಕೆ ಬೆಲೆಯೂ ಇಲ್ಲ. ಮಾತಿಟ್ಟವರು ಕೊರಳಿಗೆ ಸ್ಲೇಟು ಹಾಕಿಕೊಂಡು ಓಡಾಡುತ್ತಾರೆ, ಹೋಟೆಲಿನಲ್ಲಿ ಅವರಿಗೆ ಮೊದಲು ಕಾಫಿ. ಆದರೆ ಯಾವುದರ ಮೇಲೆ ಇಟ್ಟಿರಿ ಎಂದು ಕೇಳುವಂತಿಲ್ಲ. ಕೇಳಿಸಿಕೊಂಡವರು ಇನ್ನೊಬ್ಬರಿಗೆ ಹೇಳುವಂತಿಲ್ಲ. ಹಾಗೆ ಯಾರು ಕಟ್ಟಳೆ ಮಾಡಿದರೋ ತಿಳಿಯದು. ಬೇರೆಯವರ ಕಾಗದ ಒಡೆದು ಓದಿದಷ್ಟು ಕೀಳು ಕೆಲಸ ಅದು ಎಂದು ಎಲ್ಲರೂ ತಿಳಿದಿದ್ದಾರೆ.

ನನಗೆ ಐವತ್ತೆಂಟು ವರ್ಷ. ಒಂದು ಸಲವೂ ಮಾತಿಟ್ಟವನಲ್ಲ. ಹೆಂಡತಿ ಅಂಬುಜಾ, ಸಾಲುಮಂಟಪದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬರೋಣ ಎಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದಳು. ನಾನು ಹನ್ನೊಂದು ವರ್ಷದಿಂದ ನೋಡೋಣ ಎನ್ನುತ್ತಿದ್ದೆ. ನನಗೆ ಇದು ಜಾಣತನ ಅನ್ನಿಸಿತ್ತು. ಬಾಯಿಯೇ ಬಂಡವಾಳ, ಪಾಠ ಹೇಳುವವನು ಅದನ್ನು ಒತ್ತೆಯಿಡಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈಗ ಮಾರ್ದನಿಯ ವಿಷಯ. ಅದು ದೂರದ ನಗರದ ಒಂದು ತಂತ್ರಜ್ಞಾನ ಕಂಪನಿ, ಮಾತಾಡುವ ಯಂತ್ರ ಮಾಡುತ್ತದೆ. ಯಾರದಾದರೂ ದನಿಯನ್ನು ಎರಡು ದಿನ ಕೂತು ಹಿಡಿದುಕೊಂಡರೆ ಸಾಕು, ಯಂತ್ರ ಆ ದನಿಯಲ್ಲಿ ಏನು ಬೇಕಾದರೂ ಹೇಳುತ್ತದೆ. ನಾವು ನಾಲ್ವರೂ ಮೂರು ವರ್ಷದ ಹಿಂದೆ ಅದರ ಶೇರು ಸ್ವಲ್ಪ ಸ್ವಲ್ಪ ತೆಗೆದುಕೊಂಡಿದ್ದೆವು, ಅದು ನಿಧಾನವಾಗಿ ಏರಿತ್ತು. ಆ ತಿಂಗಳು ಡಿಪೋ ಮ್ಯಾನೇಜರು ಪರೀಕ್ಷೆಗೆಂದು ನಮ್ಮ ಬಸ್ ಸ್ಟ್ಯಾಂಡಿಗೇ ಒಂದು ಮಾರ್ದನಿ ಯಂತ್ರ ತರಿಸಿದರು. ಕಂಪನಿಯವರು ಬಂದು ಚಂಪಕ್ಕನ ದನಿಯನ್ನೇ ಹಿಡಿದುಕೊಂಡು ಹೋದರು. ಅವಳು ರಜೆ ಹಾಕಿದ ದಿನ ಅದು ಕೂಗಲಿ ಎಂಬ ಏರ್ಪಾಡು.

ಶುಕ್ರವಾರ ಮಾರ್ದನಿಯ ಮೂರು ತಿಂಗಳ ಫಲಿತಾಂಶ ಹೊರಬೀಳುವುದಿತ್ತು. ಅದಕ್ಕೆ ಹನ್ನೆರಡು ದಿನ ಮುಂಚಿನ ಭಾನುವಾರ ನಮ್ಮಲ್ಲಿ ಅದೇ ಚರ್ಚೆ. ನಮ್ಮ ಚರ್ಚೆ ಎಂದರೆ ಹಿಂದಿನದನ್ನು ಹೇಳುತ್ತ ಹೋಗುವುದು. "ಹೋದ ಸಲ ಲಾಭ ಜಾಸ್ತಿ ಬಂದಾಗ ರೇಟು ಏರಿತ್ತು" ಎಂದ ರುದ್ರೇಶಿ. "ಅದರ ಹಿಂದಿನ ಸಲಾನೂ ಲಾಭ ಜಾಸ್ತಿ ಬಂದಿತ್ತು, ರೇಟು ಇಳಿದಿತ್ತು" ಎಂದರು ಫಿಲೋಮಿನಾ ಸಿಸ್ಟರ್. ರುದ್ರೇಶಿ ಹುಬ್ಬನ್ನು ಮೇಲಕ್ಕೆತ್ತಿ ತೋರಿಸಿದ. ಸಿಸ್ಟರ್ ಕೈಯನ್ನು ಆ ಕಡೆ ಈ ಕಡೆ ಆಡಿಸಿದರು. ಹುಬ್ಬಿಗೆ ದನಿ ಹೋಗುವುದಿಲ್ಲ. ಟೀವಿಯಲ್ಲಿ ಟೈ ಕಟ್ಟಿದ ಪಂಡಿತರು ಮಾರ್ದನಿ ಏರುತ್ತದೆ, ಇಳಿಯುತ್ತದೆ ಎಂದು ಬೆಳಗಿನಿಂದ ಸಂಜೆವರೆಗೆ ಮಾತಾಡುತ್ತಲೇ ಇದ್ದರು. ನಾವು ಸೌಂಡು ಕಮ್ಮಿ ಮಾಡಿ, ಇವರ ಗಂಟಲು ಎಂಥದ್ದಪ್ಪ ಎಂದು ನೋಡುತ್ತ ಕೂತೆವು. ಸಿಸ್ಟರ್ ಕೈಯಲ್ಲಿ ಗ್ರಾಚುಯಿಟಿ ಬಂದ ದುಡ್ಡಿತ್ತು. ಮೂವತ್ತಾರು ವರ್ಷ ರಾತ್ರಿಪಾಳಿ ಮಾಡಿದ ದುಡ್ಡು. ಅದನ್ನು ಮಾರ್ದನಿಗೆ ಹಾಕಲೋ ಬೇಡವೋ ಎಂಬುದು ಅವರ ತೂಗುಯ್ಯಾಲೆ. "ಯಾರಾದ್ರೂ ಒಬ್ರು ಮಾತಿಟ್ಟಿದ್ರೆ ಧೈರ್ಯ ಇರ್ತಿತ್ತು" ಎಂದರು. ಎಲ್ಲರೂ ಟೀವಿ ನೋಡಿದೆವು.

ಚಂಪಕ್ಕನ ಮನಸ್ಸು ಆ ದಿನ ಶೇರಿನ ಮೇಲಿರಲಿಲ್ಲ. ಅವಳ ಗಂಡ ಧರಣೇಂದ್ರ ವಾಚ್ ರಿಪೇರಿಯವನು, ನನಗೆ ಸ್ಕೂಲಿನಿಂದ ಗೆಳೆಯ. ಚಿಕ್ಕಂದಿನಲ್ಲೇ ಎಡಗಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡು ಊರಿಗೆಲ್ಲ ಹೊತ್ತು ತೋರಿಸಿದವನು. ಈಗ ಆ ಕಣ್ಣಿಗೂ ಕುತ್ತು ಬಂದಿತ್ತು, ಒಳಗಿನ ಪರದೆ ಕಿತ್ತು ಬಂದಿತ್ತು. ಊರಿಗೆಲ್ಲ ಚಂಪಕ್ಕ ಪೊರೆ ಎಂದು ಹೇಳಿದ್ದಳು. ಧರಣೇಂದ್ರ ಮರುಕವನ್ನು ಸಹಿಸುವವನಲ್ಲ. ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ.

ಮಂಗಳವಾರ ಸಂಜೆ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಮರುದಿನ ಬೆಳಿಗ್ಗೆ ಆಪರೇಶನ್ ಇತ್ತು. ಡಾಕ್ಟರು ಹೊರಗಿನವರು, ಬಂದು ಆರು ವರ್ಷವಾದ್ದರಿಂದ ಇಲ್ಲಿನ ಮಾತಿನ ಕಟ್ಟಳೆ ತಿಳಿದವರು. "ಹೋದ ವರ್ಷ ಇಂಥ ನಲವತ್ತು ಕಣ್ಣು ಮಾಡಿದೀನಿ. ಮೂವತ್ತೊಂದು ಕಣ್ಣು ಕಂಡಿದೆ" ಎಂದರು. ಧರಣೇಂದ್ರ ಅಂಗಿಯ ಗುಂಡಿ ತಿರುವುತ್ತ ಕೂತಿದ್ದ. "ಉಳಿದ ಒಂಬತ್ತು ಯಾರದ್ದು ಡಾಕ್ಟ್ರೇ?" ಎಂದ. ಡಾಕ್ಟರು ಫಾರಂ ಮೇಜಿನ ಮೇಲಿಟ್ಟು ಹೋದರು. ಅವನು ಸಹಿ ಮಾಡಲಿಲ್ಲ. "ಮಸುಕು ಮಸುಕಾಗಾದ್ರೂ ಈಗ ನೀನು ಕಾಣ್ತಾ ಇದೀಯ ಚಂಪಾ. ಇಷ್ಟಾದ್ರೂ ಇರ್ಲಿ ಬಿಡು. ಮನೆಗೆ ಹೋಗೋಣ." ಆಮೇಲೆ ತಲೆಯೆತ್ತಿ, "ಈ ಗೋಡೆ ಗಡಿಯಾರ ಕುಂಟ್ತಾ ಇದೆ, ಕೇಳಿಸ್ತಾ?" ಎಂದ. ಅದರ ಮುಳ್ಳು ಅವನಿಗೆ ಕಾಣುತ್ತಿರಲಿಲ್ಲ, ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

ಚಂಪಕ್ಕ ಒಂದು ಸಲ ನನ್ನ ಕಡೆ ನೋಡಿದಳು. ಅವಳು ಏನು ಮಾಡಲು ಹೊರಟಿದ್ದಾಳೆಂದು ನನಗೆ ಹೊಳೆಯಿತು, ಬೇಡ ಎನ್ನಲು ಕೈಯೆತ್ತಿದೆ. ಅವಳ ಕೆಲಸವೇ ದನಿಯದು. ಬಸ್ ಸ್ಟ್ಯಾಂಡಿನಲ್ಲಿ ಅವಳ ಪಕ್ಕಕ್ಕೆ ಯಂತ್ರ ಬೇರೆ ಬಂದು ಕೂತಿತ್ತು. ಅವಳು ಗಂಡನ ಕೈಯನ್ನು ಗುಂಡಿಯಿಂದ ಬಿಡಿಸಿ ಹಿಡಿದುಕೊಂಡಳು. "ನಿಮ್ಮ ಕಣ್ಣು ಬರತ್ತೆ ಕಣ್ರೀ" ಎಂದಳು. ಕೊನೆಯ ಅಕ್ಷರ ಅರ್ಧಕ್ಕೇ ನಿಂತಿತು. ಧರಣೇಂದ್ರ "ಚಂಪಾ?" ಎಂದ. ಮತ್ತೆ "ಚಂಪಾ?" ಎಂದ. ಅವಳು ಅವನ ಕೈಯನ್ನು ಎರಡು ಸಲ ಒತ್ತಿದಳು. "ಅಯ್ಯೋ ಪುಣ್ಯಾತಗಿತ್ತಿ, ಮಾತಿಟ್ಬಿಟ್ಯಾ" ಎಂದು ಅವನು ಅತ್ತುಬಿಟ್ಟ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹಿಂತಿರುಗಿ ನೋಡಿದಾಗ ಫಾರಂಗೆ ಸಹಿ ಬಿದ್ದಿತ್ತು.

ಆಪರೇಶನ್ ಆಯಿತು. ಹತ್ತು ದಿನ ಕಟ್ಟು, ಹತ್ತನೇ ದಿನ ಶನಿವಾರ ಬಿಚ್ಚಿ ನೋಡುವುದು. ಅಲ್ಲಿಗೆ ಒಂದು ವಿಚಿತ್ರ ಸಂಸಾರ ಶುರುವಾಯಿತು. ಅವಳು ಮಾತಾಡುವಂತಿಲ್ಲ, ಸ್ಲೇಟಿನಲ್ಲಿ ಬರೆದರೆ ಅವನು ಓದುವಂತಿಲ್ಲ. ಸಣ್ಣಪುಟ್ಟದ್ದಕ್ಕೆ ಕೈ ಒತ್ತುವುದು. ಒಂದು ಒತ್ತು ಎಂದರೆ ನೀರು, ಎರಡು ಎಂದರೆ ಇಲ್ಲೇ ಇದ್ದೀನಿ, ಮೂರು ಎಂದರೆ ಸಾಕು ಸುಮ್ಮನಿರಿ. ಉಳಿದದ್ದನ್ನು ಅವಳು ಸ್ಲೇಟಿನ ಎರಡೂ ಬದಿಗೆ ತುಂಬಿಸಿಟ್ಟಿರುತ್ತಿದ್ದಳು, ಸಂಜೆ ನಾನು ಹೋಗಿ ಓದಬೇಕು. "ಇಡ್ಲಿ ತಿಂದಿಲ್ಲ. ಚಿಕ್ಕ ಮಗು ಥರ ಹಟ ಮಾಡಿದ್ದೀರಿ. ನರ್ಸ್ ಹತ್ರ ರೇಗಿದ್ದೀರಿ" ಎಂದು ನಾನು ಓದಿದರೆ ಧರಣೇಂದ್ರ, "ಗಡಸು ಗಂಟಲಲ್ಲಿ ಹೆಂಡ್ತಿ ಬೈಗುಳ ಕೇಳೋದು ನನ್ನ ಹಣೇಲಿ ಬರೆದಿತ್ತು" ಎನ್ನುತ್ತಿದ್ದ. ಅತ್ತ ಬಸ್ ಸ್ಟ್ಯಾಂಡು ಎರಡೇ ಬೀದಿ ಆಚೆ. ಅಲ್ಲಿಂದ ಯಂತ್ರ ಚಂಪಕ್ಕನ ದನಿಯಲ್ಲಿ "ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಬರಲಿದೆ" ಎಂದು ಕೂಗುವುದು ವಾರ್ಡಿನವರೆಗೂ ಕೇಳುತ್ತಿತ್ತು. ಹೆಂಡತಿ ಪಕ್ಕದಲ್ಲಿ ಮೂಕವಾಗಿ ಕೂತಿದ್ದಾಳೆ, ಅವಳ ದನಿ ಬೀದಿಯಲ್ಲಿ ಓಡಾಡುತ್ತಿದೆ. "ಇಬ್ಬರನ್ನ ಕಟ್ಕೊಂಡ ಹಾಗಾಗಿದೆ ಮಾರಾಯ" ಎಂದು ಅವನು ನಗುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಹತ್ತು ನಿಮಿಷವಾಗಿ ಬಸ್ಸು ಬರದಿದ್ದರೂ ಯಂತ್ರದ ದನಿ ಹೋಗುತ್ತಿರಲಿಲ್ಲ, ಮತ್ತೆ ಕೂಗುತ್ತಿತ್ತು. ಚಂಪಕ್ಕನ ದನಿಯಲ್ಲಿ ಸುಳ್ಳು ಕೇಳಿ ಮುದುಕಿಯರು ಕಿವಿ ಮುಚ್ಚಿಕೊಂಡರು. ಬಸ್ಸು ಕಣ್ಣಿಗೆ ಬೀಳುವವರೆಗೆ ಬೆಂಚಿನಿಂದ ಒಬ್ಬರೂ ಏಳುತ್ತಿರಲಿಲ್ಲ.

ಭಾನುವಾರ ಚಂಪಕ್ಕ ನನ್ನನ್ನು ಕರೆದೊಯ್ಯಲು ಇನ್‌ಸ್ಟಿಟ್ಯೂಟಿಗೆ ಬಂದಳು. ಕೊರಳಲ್ಲಿ ಸ್ಲೇಟು. ರುದ್ರೇಶಿ ಅವಳನ್ನು ನೋಡಿದ, ಸ್ಲೇಟನ್ನು ನೋಡಿದ, ಗೋಡೆಗೆ ಅಂಟಿಸಿದ್ದ ಮಾರ್ದನಿಯ ತಾರೀಕನ್ನು ನೋಡಿದ. ಅವನ ಮುಖ ಅರಳಿತು. ಕೇಳುವಂತಿಲ್ಲವಲ್ಲ, ಅವನು ಕೇಳಲಿಲ್ಲ. ಎದ್ದು ಅವಳಿಗೆ ಕುರ್ಚಿ ಹಾಕಿದ. ಚಂಪಕ್ಕನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಗಾಬರಿಯಿಂದ ಸ್ಲೇಟಿನ ಮೇಲೆ "ಶೇರಿನ ಮೇಲಲ್ಲ" ಎಂದು ಬರೆದು ಎಲ್ಲರಿಗೂ ತೋರಿಸಿದಳು. ರುದ್ರೇಶಿ ಕಣ್ಣು ಮಿಟುಕಿಸಿದ. "ಮಾತಿಟ್ಟವರು ಹೀಗೇ ಬರೆಯೋದು. ಬರಿಯೋಕೆ ಏನ್ ಖರ್ಚು?" ಎಂದ.

ಅವಳು ಮೆಟ್ಟಿಲಿಳಿದು ಮುಂದೆ ಹೋದ ಮೇಲೆ ನಾನು ಬಾಗಿಲಲ್ಲಿ ನಿಂತು ಹೇಳಿದೆ. "ರುದ್ರೇಶಿ, ಅದು ಶೇರಿನ ಮೇಲಲ್ಲಪ್ಪ."

"ನಿಮಗೆ ಹೆಂಗೆ ಗೊತ್ತು ಮೇಷ್ಟ್ರೇ?"

ಹೇಗೆ ಗೊತ್ತು ಎಂದು ಹೇಳಿದರೆ ಯಾವುದರ ಮೇಲೆ ಎಂದೂ ಹೇಳಿದ ಹಾಗೆ.

"ಅವರ ದನೀನೇ ಕಂಪನಿ ಒಳಗಿದೆ. ಕಂಪನಿಯವರು ಎರಡು ದಿನ ಅವರ ಎದುರಿಗೆ ಕೂತಿದ್ರು. ಅವರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ?" ಎಂದ ರುದ್ರೇಶಿ. "ಗಂಡನ ಪೊರೆ ತೆಗೆಸೋಕೆ ಯಾರಾದ್ರೂ ಮಾತಿಡ್ತಾರಾ? ಬೀಳತ್ತೆ ಅನ್ನೋ ಹಾಗಿದ್ರೆ ತಮ್ಮ ಶೇರು ಸುಮ್ಮನೆ ಮಾರ್ಕೊಂಡಿರೋರು. ಏರತ್ತೆ ಅಂತ..." ಎಂದವನು ತಟ್ಟನೆ ನಾಲಗೆ ಕಚ್ಚಿಕೊಂಡು, "ಏರತ್ತೆ ಅಂತ ಅವರು ಇಟ್ಟಿರಬಹುದು" ಎಂದು ಸರಿಪಡಿಸಿಕೊಂಡ.

ಸೋಮವಾರ ಬೆಳಗಾಗುವಷ್ಟರಲ್ಲಿ ರಾಗಿ ಬೀಸಿಸಲು ಬಂದವರಿಗೆಲ್ಲ ಸುದ್ದಿ ಮುಟ್ಟಿತು. ಚಪ್ಪಲಿ ಅಂಗಡಿಯ ಹಳೆಯ ಜ್ಯೋತಿಷಿಯೂ ಮಾರ್ದನಿ ಕೊಂಡ. ರುದ್ರೇಶಿ ಗಿರಣಿಯ ಹೊಸ ಮೋಟರಿಗೆಂದು ಕೂಡಿಟ್ಟದ್ದನ್ನು ಹಾಕಿದ. ಮಂಗಳವಾರ ಫಿಲೋಮಿನಾ ಸಿಸ್ಟರ್ ದಾರಿಯಲ್ಲಿ ಸಿಕ್ಕಿ, "ಮನಸ್ಸು ಗಟ್ಟಿ ಮಾಡ್ಕೊಂಡೆ ಮೇಷ್ಟ್ರೇ, ಗುರುವಾರ ಎಲ್ಲಾ ಹಾಕೋಣ ಅಂತಿದೀನಿ. ಚಂಪಕ್ಕ ಮಾತಿಟ್ಟಿರುವಾಗ ನಾನು ಹೆದರಿದ್ರೆ ಅವಳಿಗೆ ಅವಮಾನ" ಎಂದರು. ಅವರ ಮುಖದಲ್ಲಿ ನಾನು ಎಂದೂ ಕಾಣದಷ್ಟು ನೆಮ್ಮದಿಯಿತ್ತು. ಒಬ್ಬ ಮನುಷ್ಯನ ಕಣ್ಣಿನ ಮೇಲೆ ಇಟ್ಟ ಮಾತನ್ನು ನಂಬಿ ಇವರು ಮೂವತ್ತಾರು ವರ್ಷದ ದುಡ್ಡನ್ನು ಎಲ್ಲಿಯೋ ಹಾಕಲು ಹೊರಟಿದ್ದರು. ತಪ್ಪೆಂದು ಗೊತ್ತಿದ್ದವನು ಊರಿನಲ್ಲಿ ನಾನೊಬ್ಬನೇ.

ಸಂಜೆ ಚಂಪಕ್ಕನಿಗೆ ವಿಷಯ ತಿಳಿಸಿದೆ. ಅವಳು ಬಹಳ ಹೊತ್ತು ಬಳಪ ಹಿಡಿದು ಕೂತಳು. ಆಮೇಲೆ ಬರೆದಳು: "ನೀವೇ ಹೇಳಿಬಿಡಿ." ಅದನ್ನು ಒರೆಸಿದಳು. ಮಂಚದ ಮೇಲೆ ಕಟ್ಟು ಕಟ್ಟಿಕೊಂಡು ಮಲಗಿದ್ದವನನ್ನು ನೋಡಿ ಮತ್ತೆ ಬರೆದಳು: "ಊರೆಲ್ಲ ಇವರ ಕಣ್ಣಿನ ರೇಟು ಕೇಳುವುದು ಬೇಡ." ಅದನ್ನೂ ಒರೆಸಿದಳು. ಅವಳನ್ನು ಈ ಇಕ್ಕಟ್ಟಿಗೆ ತಳ್ಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಏನೋ ಒಂದು ದಾರಿ ಇರಬಹುದು ಎಂದು ಹೇಳಿ ಎದ್ದುಬಂದೆ.

ದಾರಿ ಇದ್ದದ್ದು ಒಂದೇ. ಮಾತಿಟ್ಟವರ ಎದುರು ಇನ್ನೊಬ್ಬರು ಮಾತಿಟ್ಟರೆ ಊರು ನಿಂತು ಯೋಚಿಸುತ್ತದೆ. ಬುಧವಾರ ಬೆಳಿಗ್ಗೆ ಗಿರಣಿಗೆ ಹೋದೆ. ಸಿಸ್ಟರನ್ನೂ ಅಲ್ಲಿಗೇ ಬರಹೇಳಿದ್ದೆ. ರುದ್ರೇಶಿ ಬೆಲ್ಟು ನಿಲ್ಲಿಸಿದ. ನಿಜ ಹೇಳಬೇಕೆಂದರೆ ಮಾರ್ದನಿ ಏರಬಹುದೆಂದೇ ನನ್ನ ಎಣಿಕೆ. ನನ್ನದೂ ಅದರಲ್ಲಿತ್ತು. ಆದರೆ ಗಂಟಲು ನಂಬಿಕೆಯನ್ನು ಕೇಳುವುದಿಲ್ಲ, ಮಾತನ್ನಷ್ಟೇ ಕೇಳುತ್ತದೆ. ಹಿಟ್ಟಿನ ಡಬ್ಬದ ಅಂಚು ಹಿಡಿದುಕೊಂಡೆ. "ಶುಕ್ರವಾರ ಪೇಟೆ ಮುಚ್ಚುವಾಗ ಮಾರ್ದನಿ ಬಿದ್ದಿರತ್ತೆ" ಎಂದೆ.

ನೋವಾಗುವುದಿಲ್ಲ. ನೀರು ಖಾಲಿಯಾದ ನಲ್ಲಿ ತಿರುಗಿಸಿದ ಹಾಗೆ, ಅಷ್ಟೇ. ರುದ್ರೇಶಿ ಬೆಪ್ಪಾಗಿ ನಿಂತ. ಐವತ್ತೆಂಟು ವರ್ಷ ನೋಡೋಣ ಎಂದವನು ಅವನ ಗಿರಣಿಯಲ್ಲಿ ಮಾತಿಟ್ಟಿದ್ದ. ಸಿಸ್ಟರ್ ನನ್ನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನೋಡಿ, "ಹೋಗಿದೆ" ಎಂದರು. ಆಮೇಲೆ ನಿಧಾನವಾಗಿ ತಮ್ಮ ಚೀಲದ ಜಿಪ್ಪು ಎಳೆದುಕೊಂಡು, "ಇಬ್ರೂ ದೊಡ್ಡೋರು, ಎರಡು ಕಡೆ. ನಾನು ಶುಕ್ರವಾರ ಕಳೆದ ಮೇಲೆ ನೋಡೋಣ ಅಂತಿದೀನಿ" ಎಂದರು. ಆ ನೋಡೋಣವನ್ನು ಕೇಳಿ ನನಗೆ ಆದಷ್ಟು ಸಂತೋಷ ಬೇರೆ ಯಾವ ಮಾತಿಗೂ ಆಗಿರಲಿಲ್ಲ.

ಮನೆಯಲ್ಲಿ ಬೇರೆ ಕತೆ. ಅಂಬುಜಾ ನನ್ನ ಕೊರಳಿನ ಸ್ಲೇಟು ನೋಡಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಗಲಿಲ್ಲ, ಬೈಯಲೂ ಇಲ್ಲ. ತಟ್ಟೆ ಹಾಕಿ ಅನ್ನ ಬಡಿಸಿದಳು. "ಮದುವೆಯಾಗಿ ಮೂವತ್ತೊಂದು ವರ್ಷ. ನನಗೆ ಅಂತ ಒಂದು ಮಾತು ಇಟ್ಟಿಲ್ಲ ನೀವು. ಮುಖ ನೋಡದ ಕಂಪನಿಗೆ ಇಟ್ರಿ" ಎಂದಳು. ನಾನು ಬಳಪ ತೆಗೆದುಕೊಂಡೆ. "ಬರೀಬೇಡಿ, ಊಟ ಮಾಡಿ" ಎಂದಳು. ಸಂಜೆ ಇನ್ನೊಂದು ತೊಡಕು. ಧರಣೇಂದ್ರನಿಗೆ ಸ್ಲೇಟು ಓದುತ್ತಿದ್ದವನೇ ಈಗ ಸ್ಲೇಟು ಹಿಡಿದಿದ್ದ. ಅಂಬುಜಾಳನ್ನೇ ಕರೆದುಕೊಂಡು ಹೋಗಬೇಕಾಯಿತು. ಅವಳು ಓದಿದಳು, ಓದುತ್ತಲೇ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ, "ನೀವು ಮಾಡಿದ್ದು ಒಳ್ಳೇ ಕೆಲಸ" ಎಂದಳು. ಸ್ವಲ್ಪ ನಡೆದು, "ಆದ್ರೂ ನನಗೆ ಇಟ್ಟಿಲ್ಲ, ಅದು ಹಾಗೇ ಇದೆ" ಎಂದಳು.

ಶುಕ್ರವಾರ ಇನ್‌ಸ್ಟಿಟ್ಯೂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರುದ್ರೇಶಿ ಚಂಪಕ್ಕನನ್ನು ಬಲವಂತದಿಂದ ಕರೆಸಿ ಕುರ್ಚಿಯಲ್ಲಿ ಕೂರಿಸಿದ್ದ. ಎರಡು ಗಂಟೆಗೆ ಫಲಿತಾಂಶ ಬಂತು. ಲಾಭ ಹೋದ ವರ್ಷದ ಒಂದೂವರೆ ಪಟ್ಟು. ರೇಟು ಕಣ್ಣೆದುರೇ ಮೇಲೆ ಹೋಯಿತು, ರುದ್ರೇಶಿ ತೊಡೆ ತಟ್ಟಿದ. ಆಮೇಲೆ ಕಂಪನಿಯ ಮುಖ್ಯಸ್ಥ ಟೀವಿಯಲ್ಲಿ ಮಾತಿಗೆ ಕೂತ. ಬಿಳಿ ಕೂದಲಿನ, ಸುಸ್ತಾದ ಮನುಷ್ಯ. ಮುಂದಿನ ಮೂರು ತಿಂಗಳು ಎಷ್ಟು ಗಳಿಸುತ್ತೀರಿ ಎಂದು ಯಾರೋ ಕೇಳಿದರು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅದನ್ನು ಈಗಲೇ ಹೇಳಲು ತನಗೆ ಬರುವುದಿಲ್ಲ, ಕಾಲ ಬಂದಾಗ ನೋಡೋಣ ಎಂದ.

"ಎಂಥಾ ಮರ್ಯಾದಸ್ಥ" ಎಂದರು ಸಿಸ್ಟರ್. ಇಡೀ ಕೋಣೆ ತಲೆದೂಗಿತು. ನಮ್ಮೂರಿನವನೇ ಯಾರೋ ಅಲ್ಲಿ ಕೂತಿದ್ದಾನೆ ಎನ್ನಿಸುವಷ್ಟು ಅವನ ಮೇಲೆ ಪ್ರೀತಿ ಬಂತು. ಹೊರಗಿನ ಜಗತ್ತಿಗೆ ಹಾಗನ್ನಿಸಲಿಲ್ಲ. ಅವನು ಹಾಗೆಂದ ಹತ್ತು ನಿಮಿಷಕ್ಕೆ ಮಾರ್ದನಿ ಬೀಳತೊಡಗಿತು. ಮೂರೂವರೆಗೆ ಪೇಟೆ ಮುಚ್ಚುವಾಗ ಐದರಲ್ಲಿ ಒಂದು ಪಾಲು ಕರಗಿತ್ತು. ಗಂಟಲಲ್ಲಿ ಏನೋ ಕಡಿದ ಹಾಗಾಗಿ ನಾನು ಕೆಮ್ಮಿದೆ. ಕೆಮ್ಮಿಗೆ ಸದ್ದಿತ್ತು. "ನೀರು" ಎಂದೆ.

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಚಂಪಕ್ಕನನ್ನು ನೋಡುತ್ತಿದ್ದರು. ಸೋತರೂ ದನಿ ಬರಲೇಬೇಕಲ್ಲ. "ಮಾತಾಡಿ ಅಕ್ಕಾ, ಬೇಜಾರಿಲ್ಲ" ಎಂದ ರುದ್ರೇಶಿ. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ರುದ್ರೇಶಿಯ ಮುಖ ಮೆಲ್ಲಗೆ ಇಳಿಯಿತು. ಅವನಿಗೆ ದುಡ್ಡು ಹೋದದ್ದಕ್ಕಿಂತ ಹೆಚ್ಚಿಗೆ ಇನ್ನೇನೋ ಹೊಳೆದಿತ್ತು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಸಿಸ್ಟರ್ ಎದ್ದು ಅವಳ ಎದುರು ಮೊಣಕಾಲೂರಿ ಕೂತರು. ಯಾವುದರ ಮೇಲೆ ಎಂದು ಅವರು ಕೇಳಲಿಲ್ಲ. "ಕಟ್ಟು ಬಿಚ್ಚೋದು ಯಾವಾಗ?" ಎಂದರು. ಚಂಪಕ್ಕ ಸ್ಲೇಟಿನ ಮೇಲೆ "ನಾಳೆ" ಎಂದು ಬರೆದಳು. "ಪೊರೆಗೆ ಹತ್ತು ದಿನ ಕಟ್ಟಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಮೂವತ್ತಾರು ವರ್ಷ ನರ್ಸಾಗಿದ್ದವಳಿಗೆ ಶೇರಿನ ಯೋಚನೇಲಿ ಅದು ತಲೇಗೇ ಬರ್ಲಿಲ್ಲ" ಎಂದು ಅವಳ ಕೈ ಹಿಡಿದುಕೊಂಡರು.

ಶನಿವಾರ ನಾವು ವಾರ್ಡಿನ ಹೊರಗೆ ನಿಂತಿದ್ದೆವು. ನಾನು, ಅಂಬುಜಾ, ಸಿಸ್ಟರ್. ರುದ್ರೇಶಿಯೂ ತಲೆಯ ಹಿಟ್ಟು ತೊಳೆದುಕೊಂಡು ಬಂದಿದ್ದ. ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕಿ ಗಿರಣಿಯ ಹನ್ನೆರಡು ಗಂಟೆಯ ಸೈರನ್ ಕೂಗಿ ನಿಂತಿತು. ಅದಾದ ಮೇಲೆ ಚಂಪಕ್ಕನ ದನಿ ಕೇಳಿತು. ಯಾರೂ ಅಲುಗಾಡಲಿಲ್ಲ. "ಬಸ್ ಸ್ಟ್ಯಾಂಡಿಂದೋ?" ಎಂದು ರುದ್ರೇಶಿ ಪಿಸುಗುಟ್ಟಿದ. ಅಲ್ಲ, ಒಳಗಿನಿಂದ. "ಏನ್ರೀ?" ಎನ್ನುತ್ತಿದ್ದಳು. "ಏನ್ರೀ, ಕಾಣತ್ತಾ?"

ದನಿ ಬಂದಿತ್ತು. ಆದರೆ ದನಿ ಎರಡಕ್ಕೂ ಬರುತ್ತದೆ. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು. ಅಂಬುಜಾ ನನ್ನ ತೋಳು ಹಿಡಿದಿದ್ದಳು, ಉಗುರು ನಾಟುತ್ತಿತ್ತು. ಒಳಗೆ ಮಂಚ ಕಿರುಗುಟ್ಟಿತು. ಧರಣೇಂದ್ರ ಗಂಟಲು ಸರಿಮಾಡಿಕೊಂಡ.

"ಕುಂಟ್ತಾ ಇದೆ ಅಂತ ಆವತ್ತೇ ಹೇಳಿರ್ಲಿಲ್ವಾ?" ಎಂದ. "ಸೈರನ್ ಈಗ ಆಯ್ತು. ಈ ಗಡಿಯಾರದಲ್ಲಿ ನೋಡು, ಹನ್ನೆರಡಕ್ಕೆ ಇನ್ನೂ ಆರು ನಿಮಿಷ ಇದೆ."

ರುದ್ರೇಶಿ ಗೋಡೆಗೆ ಮುಖ ಮಾಡಿ ಅಳತೊಡಗಿದ. ಒಳಗೆ ಚಂಪಕ್ಕ ಹತ್ತು ದಿನದ ಬೈಗುಳವನ್ನು ಇಡ್ಲಿಯಿಂದ ಶುರುಮಾಡಿದ್ದಳು.

ಮನೆಗೆ ಹೋಗುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಅಂಬುಜಾ ಸೆರಗನ್ನು ತಲೆಗೆ ಹೊದ್ದು ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ನಾನು ಕರೆದೆ. ತಿರುಗಿ ನಿಂತಳು. "ಸೋಮವಾರ ನಿನ್ನ ತಂಗಿ ಮನೆಗೆ ಹೋಗ್ತೀವಿ ಕಣೆ" ಎಂದೆ. ಬಂದು ಒಂದು ದಿನವೂ ಆಗದ ದನಿ ಅಲ್ಲೇ ಬೀದಿಯಲ್ಲಿ ಮತ್ತೆ ಹೋಯಿತು. ಅಂಬುಜಾ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ನಡೆದಳು.

ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಮಾರ್ದನಿ ಯಂತ್ರವನ್ನು ಪೆಟ್ಟಿಗೆಗೆ ತುಂಬಿ ಬಾಗಿಲ ಬಳಿ ಇಟ್ಟಿದ್ದರು, ವಾಪಸ್ಸು ಕಳಿಸಲು. ಅದು ಕೂಗಿದರೆ ಯಾರೂ ಏಳುವುದಿಲ್ಲವೆಂದು ಕಂಡಕ್ಟರುಗಳೇ ದೂರು ಕೊಟ್ಟಿದ್ದರಂತೆ. "ಸಾಲುಮಂಟಪದ ಬಸ್ಸು ಟೋಲ್ ಗೇಟು ದಾಟಿದೆ" ಎಂದಳು ಚಂಪಕ್ಕ ಮೈಕಿನಲ್ಲಿ. ಬೆಂಚಿನವರೆಲ್ಲ ಎದ್ದು ಗಂಟು ಎತ್ತಿಕೊಂಡರು, ನಾವೂ ಎತ್ತಿಕೊಂಡೆವು.

ಅಂಬುಜಾಳ ತಂಗಿ ಬಾಗಿಲು ತೆಗೆದವಳು ಅಕ್ಕನನ್ನು ಅಪ್ಪಿಕೊಂಡಳು. ನನ್ನ ಕೊರಳಿನ ಸ್ಲೇಟು ನೋಡಿ ಹೆದರಿದಳು. ಆ ಊರಿನಲ್ಲಿ ಇದೆಲ್ಲ ಇಲ್ಲ. "ಭಾವನಿಗೆ ಏನಾಯ್ತಕ್ಕಾ? ಯಾಕೆ ಮಾತಾಡ್ತಿಲ್ಲ?" ಎಂದಳು.

"ಏನೂ ಆಗಿಲ್ಲ ಕಣೆ" ಎಂದಳು ಅಂಬುಜಾ. "ನನಗೋಸ್ಕರ ಮಾತಿಟ್ಟಿದಾರೆ. ಶನಿವಾರದಿಂದ." ಪಕ್ಕದ ಮನೆಯ ಹೆಂಗಸು ಇಣುಕಿದಳು, ಅವಳಿಗೂ ಹೇಳಿದಳು. ಮಾತಿಡುವುದೆಂದರೆ ಏನು ಎಂದು ಅವರಿಬ್ಬರಿಗೂ ಮೊದಲಿನಿಂದ ಬಿಡಿಸಿ ಹೇಳತೊಡಗಿದಳು. ಹೊಸ್ತಿಲು ದಾಟಿದಾಗಲೇ ನನ್ನ ದನಿ ಬಂದಿತ್ತು. ಅವಳು ಹೇಳಿ ಮುಗಿಸಲಿ ಎಂದು ನಾನು ಸುಮ್ಮನೆ ನಿಂತಿದ್ದೆ.